ಏನೂ ಆಗಲಿಲ್ಲವಲ್ಲ

ಕೊಯಮತ್ತೂರಿನ ಹೊರವಲಯದ ಚೆಟ್ಟಿಪಾಳ್ಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಎರಡು ಕಿಲೋಮೀಟರಿಗಿಂತ ಸ್ವಲ್ಪ ಉದ್ದದ ರೇಸಿಂಗ್ ಟ್ರ್ಯಾಕ್. ಕಳೆದ ವರ್ಷ ಒಂದು ಭಾನುವಾರ ಮಧ್ಯಾಹ್ನ ಅಲ್ಲಿನ ಪಿಟ್‌ನಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ನನ್ನ ಕಾರಿನ ಎಡಗಡೆಯ ಮುಂಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೆಂಗಳೂರಿನಿಂದ ಬೇರೆ ಯಾರದೋ ಕಾರಿನ ಜೊತೆ ಬಂದಿದ್ದವರು. ಚಕ್ರ ಬಿಸಿಯಾಗಿದ್ದರಿಂದ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಸ್ಪ್ಯಾನರ್ ಇಲ್ಲದೆ, ಒಂದು ಬೋಲ್ಟನ್ನು ತಿರುಗಿಸಿ ನೋಡಿದರು. ಅದು ತಿರುಗಿತು. ಪಕ್ಕದ್ದೂ ತಿರುಗಿತು.

"ಸಾರ್, ಇದನ್ನ ಯಾರು ಫಿಟ್ ಮಾಡಿದ್ದು?" ಎಂದು ಕೇಳಿದರು. ಗದರುವ ದನಿಯಲ್ಲ. ಜ್ವರ ಯಾವಾಗಿನಿಂದ ಎಂದು ಡಾಕ್ಟರು ಕೇಳುವ ಹಾಗೆ.

ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ದುಡ್ಡು ಕಟ್ಟಿ, ಹೆಲ್ಮೆಟ್ ಹಾಕಿಕೊಂಡು, ನಮ್ಮ ನಮ್ಮ ಕಾರುಗಳನ್ನೇ ಟ್ರ್ಯಾಕಿನ ಮೇಲೆ ಓಡಿಸುವ ದಿನ. ಗೆಲ್ಲುವವರಿಲ್ಲ, ಬಹುಮಾನವಿಲ್ಲ. ರಸ್ತೆಯಲ್ಲಿ ಮಾಡಬಾರದ್ದನ್ನು ಮಾಡುವುದಕ್ಕೆ ಇರುವ ಜಾಗ ಅದು. ಬೆಳಿಗ್ಗೆಯಿಂದ ಎರಡು ಸುತ್ತಿನ ಓಟ ಮುಗಿಸಿದ್ದೆ. ಮೂರನೆಯದರಲ್ಲಿ ಸ್ಟೀರಿಂಗ್ ಸಣ್ಣಗೆ ನಡುಗತೊಡಗಿತು. ಟೈರಿಗೆ ರಬ್ಬರಿನ ಉಂಡೆ ಅಂಟಿರಬೇಕೆಂದುಕೊಂಡು ಒಂದು ಲ್ಯಾಪ್ ಓಡಿಸಿದೆ. ಆಮೇಲೆ ಯಾಕೋ ಒಳಗೆ ಬಂದೆ. ಆ 'ಯಾಕೋ' ಬಗ್ಗೆ ಇವತ್ತಿಗೂ ನನಗೆ ಹೆಮ್ಮೆಪಡಲು ಆಗುವುದಿಲ್ಲ. ಎರಡನೆಯ ಓಟದಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಅಕ್ಕನ ಮಗ ಕೂತಿದ್ದ. ಹತ್ತೊಂಬತ್ತು ವರ್ಷ.

ಅವರು ಕೇಳಿದ ಪ್ರಶ್ನೆಗೆ ಉತ್ತರ ಹೀಗಿದೆ. ನನ್ನದು ಹಳೆಯ ಫೋಕ್ಸ್‌ವ್ಯಾಗನ್ ಪೋಲೊ. ಅದಕ್ಕೆ ಹಗುರವಾದ ಅಲಾಯ್ ವೀಲ್ ಹಾಕಬೇಕೆಂದು ತಿಂಗಳುಗಟ್ಟಲೆ ಹುಡುಕಿದ್ದೆ. ಚಕ್ರ ಹಗುರವಾದಷ್ಟೂ ಕಾರು ಚುರುಕಾಗುತ್ತದೆ. ಕೊನೆಗೆ ಪರಿಚಯದವರೊಬ್ಬರಿಂದ ಸೆಕೆಂಡ್‌ಹ್ಯಾಂಡ್ ಸೆಟ್ ಸಿಕ್ಕಿತು. ಐದು ತೂತು, ಆ ತೂತುಗಳು ಕೂತ ವೃತ್ತದ ವ್ಯಾಸ 100 ಮಿ.ಮೀ., ಪೋಲೊಗೆ ಸರಿಯಾದ ಅಳತೆ. ನಡುವಿನ ರಂಧ್ರ ಮಾತ್ರ ದೊಡ್ಡದು. ಪೋಲೊದ ಹಬ್ಬಿಗೆ 57.1 ಮಿ.ಮೀ. ಬೇಕು, ಈ ಚಕ್ರದಲ್ಲಿ 73.1 ಇತ್ತು. ನಡುವಿನ ಸಂದು ತುಂಬಲು ರಿಂಗ್ ಬರುತ್ತದೆ. ಬ್ರೇಕಿನ ಕಾವಿಗೆ ಪ್ಲಾಸ್ಟಿಕ್ಕಿನದು ಮೆತ್ತಗಾಗಬಹುದೆಂದು ಅಲ್ಯೂಮಿನಿಯಮ್ಮಿನದನ್ನೇ ತರಿಸಿದೆ. ಚಕ್ರದ ಒಳಗೆ ಜಪಾನಿನ ಜೆಡಬ್ಲ್ಯುಎಲ್ ಗುರುತು ಇದೆಯೇ ಎಂದು ಟಾರ್ಚ್ ಹಿಡಿದು ನೋಡಿದೆ. ನನ್ನನ್ನು ಯಾರೂ ಬೇಜವಾಬ್ದಾರಿಯವನು ಎನ್ನುವಂತಿರಲಿಲ್ಲ.

ಹೊರಡುವ ಹಿಂದಿನ ಸಂಜೆ ಟೈರ್ ಅಂಗಡಿಯಲ್ಲಿ ಚಕ್ರ ಹಾಕಿಸಿದೆ. ಹುಡುಗ ಹಳೆಯ ಚಕ್ರದ ಬೋಲ್ಟುಗಳನ್ನೇ ಎತ್ತಿಕೊಂಡು ಗಾಳಿಯ ಗನ್ನಿನಲ್ಲಿ ಬಿಗಿದ. ಎಲ್ಲ ಬೋಲ್ಟೂ ಸಲೀಸಾಗಿ ಒಳಹೋದವು. ಮನೆಗೆ ಬಂದು ನಾನು ಟಾರ್ಕ್ ರೆಂಚ್ ಹಿಡಿದು, ಕಂಪನಿ ಹೇಳುವ 120 ನ್ಯೂಟನ್ ಮೀಟರಿಗೆ ಇಟ್ಟು, ಒಂದೊಂದನ್ನೂ ಪರೀಕ್ಷಿಸಿದೆ. ಒಂದೊಂದೂ 'ಟಕ್' ಎಂದಿತು.

ಆದರೆ ಒಂದು ವಿಷಯವಿತ್ತು. ಒಂದು ಬೋಲ್ಟನ್ನು ಬಿಚ್ಚಿ ನೋಡಿದಾಗ ಅದರ ತಲೆಯ ಕೆಳಗೆ, ಚಕ್ರಕ್ಕೆ ತಾಗುವ ಜಾಗದಲ್ಲಿ, ಕೂದಲೆಳೆಯಷ್ಟು ಸಣ್ಣ ಹೊಳೆಯುವ ಗೆರೆ ಮೂಡಿತ್ತು. ಅಗಲವಾಗಿ ಒತ್ತಿದ ಗುರುತು ಇರಬೇಕಾದಲ್ಲಿ ಬರೀ ಗೆರೆ. ಯಾಕೆ ಹೀಗೆ ಎಂದು ಅನ್ನಿಸಿತು. ಬೋಲ್ಟಿನ ತಲೆಯ ಆಕಾರಗಳಲ್ಲಿ ವ್ಯತ್ಯಾಸವಿರುತ್ತದೆ ಎಂದು ಎಲ್ಲೋ ಓದಿದ್ದೂ ನೆನಪಾಯಿತು. ರಾತ್ರಿ ಹತ್ತು ಗಂಟೆ. ಬೆಳಗಿನ ಜಾವ ಹೊರಡಬೇಕು. ಸೀಟು ಸಿಕ್ಕಿದೆ, ದುಡ್ಡು ಕಟ್ಟಿದೆ, ಹುಡುಗ ಬ್ಯಾಗ್ ತುಂಬಿಕೊಂಡು ಕೂತಿದ್ದಾನೆ. ರೆಂಚು 'ಟಕ್' ಎಂದಿದೆಯಲ್ಲ ಎಂದುಕೊಂಡು ಬೋಲ್ಟನ್ನು ವಾಪಸ್ ಹಾಕಿ ಬಿಗಿದೆ.

ಆ ಗೆರೆಯ ಅರ್ಥವನ್ನು ಮೆಕ್ಯಾನಿಕ್ ಪಿಟ್‌ನಲ್ಲಿ ಬಿಡಿಸಿ ಹೇಳಿದರು. ಪೋಲೊದ ಬೋಲ್ಟಿನ ತಲೆ ಕೆಳಗಡೆ ಚೆಂಡಿನ ಹಾಗೆ ಗುಂಡಗೆ. ನಾನು ತಂದ ಚಕ್ರದ ತೂತಿನ ಬಾಯಿ ಆಲಿಕೆಯ ಹಾಗೆ, 60 ಡಿಗ್ರಿ ಕೋನದ್ದು. ಆಲಿಕೆಯೊಳಗೆ ಗೋಲಿ ಇಟ್ಟರೆ ಅದು ಒಂದು ಸಣ್ಣ ವೃತ್ತದಲ್ಲಿ ಮಾತ್ರ ತಾಗುತ್ತದೆ. "ಗುಂಡು ಬೋಲ್ಟು, ಕೋನ್ ಸೀಟು. ನೀವು ಎಷ್ಟು ಬಿಗಿ ಮಾಡಿದ್ರೂ ಅಷ್ಟೇ ಸಾರ್. ಹಿಡ್ಕೊಳ್ಳೋಕೆ ಜಾಗನೇ ಇಲ್ಲ."

ಚಕ್ರ ಕಾರಿಗೆ ಹೇಗೆ ನಿಂತಿರುತ್ತದೆ ಎಂಬುದನ್ನು ನಾನು ಅಲ್ಲಿಯತನಕ ತಪ್ಪಾಗಿಯೇ ತಿಳಿದುಕೊಂಡಿದ್ದೆ. ಗೋಡೆಯ ಮೊಳೆಗೆ ಕ್ಯಾಲೆಂಡರ್ ನೇತುಬಿದ್ದಿರುವ ಹಾಗೆ ಚಕ್ರ ಬೋಲ್ಟುಗಳ ಮೇಲೆ ಕೂತಿರುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಬೋಲ್ಟು ಬಿಗಿಯುವಾಗ ಅದು ಸ್ಪ್ರಿಂಗಿನ ಹಾಗೆ ತುಸು ಹಿಗ್ಗುತ್ತದೆ. ಹಿಗ್ಗಿದ್ದು ಕುಗ್ಗಲು ನೋಡುತ್ತದೆ. ಆ ಎಳೆತ ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. 14 ಮಿ.ಮೀ. ಬೋಲ್ಟನ್ನು 120 ನ್ಯೂಟನ್ ಮೀಟರಿಗೆ ಬಿಗಿದರೆ ಆ ಒತ್ತು ಸುಮಾರು ನಾಲ್ಕು ಟನ್ನಿನ ಭಾರಕ್ಕೆ ಸಮ. ಐದು ಬೋಲ್ಟಿಗೆ ಇಪ್ಪತ್ತು ಟನ್. ಎರಡು ಲೋಹದ ಮೈಗಳ ನಡುವಿನ ಆ ಘರ್ಷಣೆಯೇ ತಿರುವಿನಲ್ಲಿ, ಬ್ರೇಕಿನಲ್ಲಿ ಕಾರನ್ನು ಹೊರುತ್ತದೆ. ನಾವು ತಿರುಗಿಸುವ ಬಲದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ಉಳಿದದ್ದು ತ್ರೆಡ್ಡಿನಲ್ಲಿ, ತಲೆಯ ಕೆಳಗೆ ಉಜ್ಜಾಟದಲ್ಲಿ ಖರ್ಚಾಗುತ್ತದೆ. ಆದ್ದರಿಂದಲೇ ರೆಂಚಿನ 'ಟಕ್' ಹೇಳುವುದು ಇಷ್ಟೇ: ನೀನು ಇಷ್ಟು ಬಲ ಹಾಕಿದೆ. ಆ ಬಲ ಎಲ್ಲಿ ಹೋಯಿತು ಎಂದು ಅದು ಹೇಳುವುದಿಲ್ಲ. ನನ್ನ ಕಾರಿನಲ್ಲಿ ಅದು ಒಂದು ಸಣ್ಣ ಗೆರೆಯ ಮೇಲೆ ಕೂತಿತ್ತು. ಅಲ್ಯೂಮಿನಿಯಮ್ ಆ ಗೆರೆಯಲ್ಲಿ ಅದುಮಿಕೊಂಡಷ್ಟೂ ಬೋಲ್ಟಿನ ಹಿಗ್ಗು ಇಳಿಯಿತು. ಹಿಗ್ಗು ಇಳಿದ ಮೇಲೆ ಇಪ್ಪತ್ತು ಟನ್ನಿನ ಹಿಡಿತವೂ ಇಲ್ಲ.

ಆ ದಿನ ಪಿಟ್‌ನಲ್ಲಿ ಸುತ್ತ ನಿಂತವರೆಲ್ಲ ನನಗೆ ಸಮಾಧಾನ ಹೇಳಿದರು. ಬೆನ್ನು ತಟ್ಟಿದರು. ಒಬ್ಬರು ಟೀ ತಂದುಕೊಟ್ಟರು. ಎಲ್ಲರೂ ಹೇಳಿದ್ದು ಒಂದೇ ಮಾತು: "ಏನೂ ಆಗಲಿಲ್ಲವಲ್ಲ, ಬಿಡಿ." ಕನ್ನಡದಲ್ಲಿ ಇದಕ್ಕಿಂತ ಕರುಣೆಯ ವಾಕ್ಯ ಇನ್ನೊಂದು ಇದೆಯೋ ಇಲ್ಲವೋ. ಮಗು ಮೆಟ್ಟಿಲಿನಿಂದ ಬಿದ್ದಾಗ, ಹಾಲು ಉಕ್ಕಿ ಒಲೆ ಆರಿ ಗ್ಯಾಸ್ ಹಾಗೇ ಉಳಿದಾಗ, ರಾತ್ರಿ ಬಾಗಿಲಿಗೆ ಚಿಲಕ ಹಾಕದೆ ಮಲಗಿದ್ದು ಬೆಳಿಗ್ಗೆ ಗೊತ್ತಾದಾಗ ನಾವು ಹೇಳುವುದು ಇದನ್ನೇ. ನನ್ನ ಪ್ರಶ್ನೆ ಈ ವಾಕ್ಯದ ಬಗ್ಗೆ. ಅದು ಸಮಾಧಾನ ಸರಿ. ಅದು ತೀರ್ಪೂ ಆಗಬಹುದೇ?

1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯು. ಕೆ. ಕ್ಲಿಫರ್ಡ್ ನಂಬಿಕೆಯ ನೈತಿಕತೆಯ ಬಗ್ಗೆ ಒಂದು ಪ್ರಬಂಧ ಬರೆದ. ಅದು ಶುರುವಾಗುವುದು ಒಬ್ಬ ಹಡಗಿನ ಮಾಲೀಕನ ಕಥೆಯಿಂದ. ಹಡಗು ಹಳೆಯದು, ರಿಪೇರಿ ಬೇಕೇನೋ ಎಂಬ ಅನುಮಾನ ಅವನಿಗಿದೆ. ಪರೀಕ್ಷೆ ಮಾಡಿಸಿದರೆ ಖರ್ಚು. ಇಷ್ಟು ಸಲ ಹೋಗಿ ಬಂದಿದೆಯಲ್ಲ, ಈ ಸಲವೂ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ಹೋಗುತ್ತಾನೆ. ನಿಧಾನವಾಗಿ ಪ್ರಾಮಾಣಿಕವಾಗಿಯೇ ಅದನ್ನು ನಂಬುತ್ತಾನೆ. ವಲಸೆ ಹೊರಟವರನ್ನು ತುಂಬಿಕೊಂಡು ಹಡಗು ಹೊರಡುತ್ತದೆ, ನಡುಗಡಲಲ್ಲಿ ಮುಳುಗುತ್ತದೆ. ಅವನು ತಪ್ಪಿತಸ್ಥ ಎನ್ನಲು ನಮಗೆ ಕಷ್ಟವಿಲ್ಲ. ಆದರೆ ಕ್ಲಿಫರ್ಡ್ ಅಲ್ಲಿಗೆ ನಿಲ್ಲಿಸುವುದಿಲ್ಲ. ಅದೇ ಹಡಗು ಸುಖವಾಗಿ ದಡ ಸೇರಿತು ಎಂದುಕೊಳ್ಳಿ, ಆಗ ಅವನ ತಪ್ಪು ಕಡಿಮೆಯಾಯಿತೇ ಎಂದು ಕೇಳುತ್ತಾನೆ. ಕಿಂಚಿತ್ತೂ ಇಲ್ಲ ಎಂಬುದು ಅವನ ಉತ್ತರ. ಆಗ ಮಾಲೀಕ ನಿರಪರಾಧಿಯಲ್ಲ, ಸಿಕ್ಕಿಬೀಳದವನು.

ಕಾಲೇಜಿನಲ್ಲಿ ಓದಿದಾಗ ಈ ಕಥೆ ನನಗೆ ಸ್ವಲ್ಪ ಅತಿಯೆನಿಸಿತ್ತು. ಹಡಗಿನ ಮಾಲೀಕ ದುರಾಸೆಯವನು, ಅವನಿಗೂ ನನಗೂ ಏನು ಸಂಬಂಧ ಎಂದುಕೊಂಡಿದ್ದೆ. ಈಗ ನೋಡಿದರೆ ನಾನೂ ಅದನ್ನೇ ಮಾಡಿದ್ದೆ. ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು ಎಂದರೂ ಸುಳ್ಳೇ. ಗೊತ್ತಾಗುವುದರಲ್ಲಿತ್ತು, ಆ ಹೊತ್ತಿಗೆ ನಾನು ಬೋಲ್ಟನ್ನು ವಾಪಸ್ ಹಾಕಿಬಿಟ್ಟೆ. ತಪ್ಪು ನಡೆದದ್ದು ಟ್ರ್ಯಾಕಿನಲ್ಲಲ್ಲ. ರಾತ್ರಿ ಹತ್ತು ಗಂಟೆಗೆ, ನಮ್ಮ ಮನೆಯ ಮುಂದೆ, ನಿಂತ ಕಾರಿನ ಪಕ್ಕದಲ್ಲಿ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಎಂಬ ಇಬ್ಬರು ತತ್ತ್ವಜ್ಞಾನಿಗಳು 'ನೈತಿಕ ಅದೃಷ್ಟ' ಎಂಬ ವಿಷಯವನ್ನು ಚರ್ಚೆಗೆ ತಂದರು. ನೇಗೆಲ್ ಕೊಡುವ ಒಂದು ಉದಾಹರಣೆ ನನ್ನ ಕಥೆಗೆ ತೀರ ಹತ್ತಿರದ್ದು. ಬ್ರೇಕ್ ಪರೀಕ್ಷೆ ಮಾಡಿಸದ ಒಬ್ಬ ಲಾರಿ ಚಾಲಕ. ರಸ್ತೆಗೆ ಮಗು ಅಡ್ಡ ಬಂದರೆ ಅವನು ಜೀವನಪೂರ್ತಿ ಆ ಸಾವನ್ನು ಹೊರಬೇಕು. ಮಗು ಬರದಿದ್ದರೆ ಅವನ ಅಲಕ್ಷ್ಯ ಯಾರ ಲೆಕ್ಕಕ್ಕೂ ಬರುವುದಿಲ್ಲ. ಮಗು ಬರುವುದೂ ಬಾರದಿರುವುದೂ ಅವನ ಕೈಯಲ್ಲಿಲ್ಲ. ಆದರೂ ಲೋಕ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ, ಕಾನೂನೂ ತೂಗುವುದಿಲ್ಲ. ತೂಗಿದರೆ ಬದುಕುವುದೇ ಕಷ್ಟ. ನಿನ್ನೆ ಫೋನ್ ನೋಡುತ್ತಾ ರಸ್ತೆ ದಾಟಿದವರನ್ನೆಲ್ಲ, ಸವೆದ ಟೈರಿನಲ್ಲಿ ಮಳೆಗಾಲ ಕಳೆದವರನ್ನೆಲ್ಲ ಕೊಲೆಗಾರರೆಂದು ಕರೆದರೆ ಊರಿನಲ್ಲಿ ಯಾರು ಉಳಿಯುತ್ತಾರೆ?

ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಅನಾಹುತವಾಗಿದ್ದರೆ ನಾನು ತೀರಿಸಬೇಕಾದ ಋಣ ಬೇರೆಯೇ ಇರುತ್ತಿತ್ತು. ಗಾಯಗೊಂಡವರಿಗೆ, ಅವರ ಮನೆಯವರಿಗೆ. ಆ ಋಣ ಇವತ್ತು ನನ್ನ ಮೇಲಿಲ್ಲ, ಅದು ನಿಜವಾಗಿ ಅದೃಷ್ಟ. ಆದರೆ ಆ ರಾತ್ರಿ ನಾನು ಮಾಡಿದ್ದೇನು ಎಂಬ ಪ್ರಶ್ನೆಗೆ ಉತ್ತರ ಎರಡೂ ಸಂದರ್ಭದಲ್ಲಿ ಒಂದೇ. ಫಲದ ಮೇಲೆ ನಮಗೆ ಹಕ್ಕಿಲ್ಲ ಎಂಬ ಗೀತೆಯ ಮಾತನ್ನು ನಮ್ಮಲ್ಲಿ ಕೈತೊಳೆದುಕೊಳ್ಳಲು ಬಳಸುವುದೇ ಹೆಚ್ಚು: ನಮ್ಮ ಕೈಯಲ್ಲಿ ಏನಿದೆ ಹೇಳಿ ಎಂದು. ಅದನ್ನು ತಿರುಗಿಸಿಯೂ ಓದಬಹುದು. ಫಲ ನಮ್ಮದಲ್ಲವಾದರೆ, ಕೆಟ್ಟ ಕೆಲಸದ ಒಳ್ಳೆಯ ಫಲವೂ ನಮ್ಮದಲ್ಲ. ಚಕ್ರ ಕಳಚದೆ ಉಳಿದದ್ದನ್ನು ನನ್ನ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುವಂತಿಲ್ಲ.

ಇನ್ನೊಂದು ವಾದ ನನ್ನನ್ನು ಬಹಳ ದಿನ ಕಾಪಾಡಿತು. ಟ್ರ್ಯಾಕಿಗೆ ಇಳಿಯುವ ಮೊದಲು ಎಲ್ಲರೂ ಒಂದು ಕಾಗದಕ್ಕೆ ಸಹಿ ಹಾಕುತ್ತೇವೆ. ಇದು ಅಪಾಯದ ಆಟ, ತಿಳಿದೇ ಬಂದಿದ್ದೇವೆ ಎಂದು. ಅಕ್ಕನ ಮಗನೂ ಹಾಕಿದ್ದ. ಅವನು ಯಾವುದಕ್ಕೆ ಒಪ್ಪಿದ್ದ? ನಾನು ತಿರುವಿನಲ್ಲಿ ತಪ್ಪು ಲೆಕ್ಕ ಹಾಕಬಹುದು, ಕಾರು ಜಾರಬಹುದು, ಹಿಂದಿನವನು ಗುದ್ದಬಹುದು. ಆ ಅಪಾಯಗಳು ಆಟದೊಳಗಿನವು. ಮಾಮ ಒಂದು ಅನುಮಾನವನ್ನು ನುಂಗಿಕೊಂಡು ಕರೆದುಕೊಂಡು ಬಂದಿದ್ದಾನೆ ಎಂಬುದು ಆ ಕಾಗದದಲ್ಲಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಯಾರೂ ಒಪ್ಪಿಗೆ ಕೊಡಲಾರರು. ಇನ್ನು ಅವನಾದರೂ ಸಹಿ ಹಾಕಿದ್ದ. ಬೆಂಗಳೂರಿನಿಂದ ಸೇಲಂ ದಾಟಿ ಕೊಯಮತ್ತೂರಿಗೆ ಮುನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದಾರಿ ಅದೇ ಬೋಲ್ಟುಗಳ ಮೇಲೆ ಬಂದಿದ್ದೆನಲ್ಲ, ಆ ದಾರಿಯಲ್ಲಿ ಬೈಕಿನ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದವರು ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ.

ಕಳಚಿದ ಚಕ್ರ ಕಾರಿನವನನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಟೈರಿನ ಸಮೇತ ಸುಮಾರು 16 ಕೆ.ಜಿ. ತೂಗುವ ಅದು ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಿಡಿಸಿಕೊಂಡರೆ ಸೆಕೆಂಡಿಗೆ 28 ಮೀಟರ್ ಹೋಗುತ್ತದೆ, ಪುಟಿಯುತ್ತದೆ. 2001ರಲ್ಲಿ ಮೆಲ್ಬರ್ನಿನ ಫಾರ್ಮುಲಾ ಒನ್ ರೇಸಿನಲ್ಲಿ ಅಪಘಾತಕ್ಕೀಡಾದ ಕಾರಿನ ಚಕ್ರವೊಂದು ಬೇಲಿಯ ಸಂದಿಯಿಂದ ತೂರಿ ಗ್ರಹಾಂ ಬೆವರಿಜ್ ಎಂಬ ಸ್ವಯಂಸೇವಕ ಮಾರ್ಷಲ್‌ನನ್ನು ಕೊಂದಿತು. 2009ರ ಜುಲೈ 19ರಂದು ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಬೇರೆ ಕಾರಿನಿಂದ ಕಿತ್ತುಬಂದ ಚಕ್ರ ಪುಟಿದು ಹೆನ್ರಿ ಸರ್ಟೀಸ್‌ನ ಹೆಲ್ಮೆಟ್ಟಿಗೆ ಬಡಿಯಿತು. ಬೈಕಿನಲ್ಲೂ ಕಾರಿನಲ್ಲೂ ವಿಶ್ವ ಚಾಂಪಿಯನ್ ಆಗಿದ್ದ ಜಾನ್ ಸರ್ಟೀಸ್‌ರ ಮಗ ಅವನು. ಹದಿನೆಂಟು ವರ್ಷ. ಆ ಎರಡೂ ಚಕ್ರಗಳು ಕಿತ್ತುಹೋದದ್ದು ಡಿಕ್ಕಿಯ ಹೊಡೆತಕ್ಕೆ, ಸಡಿಲ ಬೋಲ್ಟಿನಿಂದಲ್ಲ. ಅವುಗಳಲ್ಲಿ ನನ್ನಂಥ ಒಬ್ಬ ಅಲಕ್ಷ್ಯದವನನ್ನು ಹುಡುಕಬೇಕಾಗಿಲ್ಲ. ಆದರೆ ಚಕ್ರಕ್ಕೆ ಆ ವ್ಯತ್ಯಾಸ ಗೊತ್ತಿರುವುದಿಲ್ಲ. ಎರಡೂ ಸಲ ಅದು ಬಡಿದದ್ದು ಆ ಕಾರಿನಲ್ಲಿ ಇಲ್ಲದವರಿಗೆ.

ಹಾಗಾದರೆ ತಪ್ಪು ಯಾರದು? ಟೈರ್ ಅಂಗಡಿಯ ಹುಡುಗನ ಮೇಲೆ ಹಾಕುವುದು ಸುಲಭ. ಅವನು ನೋಡಬೇಕಿತ್ತು, ನಿಜ. ಆದರೆ ಅವನಿಗೆ ಕಾಣದ ಗೆರೆ ನನಗೆ ಕಂಡಿತ್ತು. ಚಕ್ರದ ಮೇಲಿನ ಗುರುತು ಆ ಚಕ್ರ ಬಾಗುವ, ಉರುಳುವ, ಬಡಿತ ತಿನ್ನುವ ಪರೀಕ್ಷೆಗಳನ್ನು ದಾಟಿದೆ ಎಂದಷ್ಟೇ ಹೇಳುತ್ತದೆ. ನಾನು ಅದನ್ನು ಯಾವ ಬೋಲ್ಟಿಗೆ ಜೋಡಿಸುತ್ತೇನೆ ಎಂಬುದು ಅದರ ಹೊಣೆಯಲ್ಲ. ಚಕ್ರ ಒಬ್ಬರು ಮಾಡಿದ್ದು, ಬೋಲ್ಟು ಇನ್ನೊಬ್ಬರು ಮಾಡಿದ್ದು. ಎರಡೂ ಒಳ್ಳೆಯ ಮಾಲೇ. ಕೆಟ್ಟದ್ದು ಅವುಗಳ ನಡುವಿನ ಜಾಗ, ಮತ್ತು ಆ ಜಾಗದ ಮಾಲೀಕ ನಾನೊಬ್ಬನೇ. ಕಂಪನಿಯವರ ಚಕ್ರ ತೆಗೆದು ನಮ್ಮದನ್ನು ಹಾಕಿದ ಗಳಿಗೆಯಲ್ಲಿ, ಅಲ್ಲಿಯವರೆಗೆ ಅವರು ಹೊತ್ತಿದ್ದ ಹೊಣೆಯೂ ಸದ್ದಿಲ್ಲದೆ ನಮ್ಮ ಕೈಗೆ ಬರುತ್ತದೆ. ಬಿಲ್ಲಿನಲ್ಲಿ ಅದನ್ನು ಬರೆದಿರುವುದಿಲ್ಲ.

ನಮ್ಮಲ್ಲಿ ಜನ ಹೇಳುವ ಒಂದು ಕಥೆಯಿದೆ. ಯುದ್ಧದ ನಡುವೆ ದಶರಥನ ರಥದ ಕಡೆಗೀಲು ಕಳಚಿತು. ಪಕ್ಕದಲ್ಲಿದ್ದ ಕೈಕೇಯಿ ಆ ಜಾಗಕ್ಕೆ ತನ್ನ ಬೆರಳನ್ನೇ ಕೊಟ್ಟು ಗಾಲಿ ಬೀಳದಂತೆ ಹಿಡಿದಳು. ಅದರ ಬದಲಿಗೆ ಸಿಕ್ಕ ವರಗಳಿಂದ ಮುಂದಿನ ರಾಮಾಯಣವೆಲ್ಲ ನಡೆಯಿತು. ಚಿಕ್ಕಂದಿನಿಂದ ಕೇಳಿದ ಈ ಕಥೆಯಲ್ಲಿ ಬೆರಳು ಕೊಟ್ಟವಳ ಹೆಸರು ನಮಗೆಲ್ಲ ಗೊತ್ತು. ರಥ ಹೊರಡುವ ಮೊದಲು ಆ ಕೀಲನ್ನು ನೋಡಬೇಕಾಗಿದ್ದವನು ಯಾರು ಎಂದು ಯಾರೂ ಕೇಳುವುದಿಲ್ಲ. ಅವನು ನೋಡಿದ್ದರೆ ಕಥೆಯೇ ಇರುತ್ತಿರಲಿಲ್ಲ. ನೋಡಿಕೊಂಡವರ ಕೆಲಸ ಹೀಗೆಯೇ, ಅದರಿಂದ ಏನೂ ಆಗುವುದಿಲ್ಲ. ಅಲಕ್ಷ್ಯ ಮಾಡಿಯೂ ಬಚಾವಾದಾಗ ಹೇಳುವ 'ಏನೂ ಆಗಲಿಲ್ಲ'ವೂ, ಎಚ್ಚರದಿಂದ ಕೆಲಸ ಮಾಡಿ ಸಂಪಾದಿಸಿದ 'ಏನೂ ಆಗಲಿಲ್ಲ'ವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಿರುವುದು ಬಿಗಿದವನಿಗೆ ಮಾತ್ರ.

ಈಗ ನಾನು ಮಾಡುವುದು ಹೀಗೆ. ಚಕ್ರಕ್ಕೆ ತಕ್ಕ ಕೋನ್ ತಲೆಯ ಬೋಲ್ಟುಗಳನ್ನೇ ತಂದಿದ್ದೇನೆ. ತಲೆಗೆ ನೀಲಿ ಶಾಯಿ ಹಚ್ಚಿ ಒಮ್ಮೆ ಬಿಗಿದು ಬಿಚ್ಚಿ, ಸೀಟಿನ ತುಂಬ ಗುರುತು ಅಗಲವಾಗಿ ಮೂಡಿದೆಯೇ ನೋಡುತ್ತೇನೆ. ಹಬ್ಬಿನ ಮೈಯನ್ನು ತುಕ್ಕು ಹೋಗುವಂತೆ ಉಜ್ಜುತ್ತೇನೆ. ಬೋಲ್ಟನ್ನು ಮೊದಲು ಕೈಯಿಂದ ತಿರುಗಿಸುತ್ತಾ ಸುತ್ತು ಎಣಿಸುತ್ತೇನೆ. ಬೋಲ್ಟಿನ ದಪ್ಪದಷ್ಟಾದರೂ ಉದ್ದ ಒಳಗೆ ಹಿಡಿದಿರಬೇಕೆಂಬುದು ವಾಡಿಕೆಯ ಲೆಕ್ಕ. 14 ಮಿ.ಮೀ. ದಪ್ಪ, ಸುತ್ತಿಗೆ ಒಂದೂವರೆ ಮಿ.ಮೀ., ಅಂದರೆ ಒಂಬತ್ತು ಸುತ್ತಿನ ಮೇಲೆ. ತ್ರೆಡ್ಡಿಗೆ ಗ್ರೀಸ್ ಹಚ್ಚುವುದಿಲ್ಲ. ಹಚ್ಚಿದರೆ ಅದೇ 120ಕ್ಕೆ ಬೋಲ್ಟು ಬೇಕಾದ್ದಕ್ಕಿಂತ ಹೆಚ್ಚು ಹಿಗ್ಗುತ್ತದೆ. ಒಂದು ಬಿಟ್ಟು ಒಂದರಂತೆ, ನಕ್ಷತ್ರ ಬರೆಯುವ ಹಾಗೆ, ಎರಡು ಮೂರು ಹಂತದಲ್ಲಿ ಬಿಗಿಯುತ್ತೇನೆ. ಐವತ್ತರಿಂದ ನೂರು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ, ಟ್ರ್ಯಾಕಿನಲ್ಲಾದರೆ ಪ್ರತಿ ಓಟದ ನಂತರ, ಚಕ್ರ ತಣ್ಣಗಾದ ಮೇಲೆ ನೋಡುತ್ತೇನೆ. ಕೆಲಸ ಮುಗಿದಾಗ ರೆಂಚಿನ ಸ್ಪ್ರಿಂಗನ್ನು ಕೆಳಗಿನ ಅಂಕಿಗೆ ಇಳಿಸಿಡುತ್ತೇನೆ.

ಈ ಪಟ್ಟಿಯಿಂದ ನಾನು ಒಳ್ಳೆಯವನಾದೆ ಎಂದುಕೊಂಡಿಲ್ಲ. ಪಟ್ಟಿ ಅಂದೂ ಇತ್ತು, ಅದರಲ್ಲಿ ಒಂದು ಸಾಲು ಕಡಿಮೆಯಿತ್ತು ಅಷ್ಟೆ. ಇವತ್ತಿನ ಪಟ್ಟಿಯಲ್ಲಿ ಯಾವ ಸಾಲು ಕಡಿಮೆಯಿದೆಯೋ ನನಗೆ ಗೊತ್ತಿಲ್ಲ. ಹಾಗಾಗಿ ನಾನು ಇಟ್ಟುಕೊಂಡ ನಿಯಮ ಒಂದೇ: 'ಯಾಕೆ ಹೀಗೆ' ಎಂದು ಒಮ್ಮೆ ಅನ್ನಿಸಿದರೆ ಉತ್ತರ ಸಿಗುವವರೆಗೆ ಕಾರು ಹೊರಡಬಾರದು. ಈ ನಿಯಮದಿಂದ ಒಂದು ಟ್ರ್ಯಾಕ್ ಡೇ ಕೈತಪ್ಪಿದೆ, ಕಟ್ಟಿದ ದುಡ್ಡು ಹೋಗಿದೆ. ಆಮೇಲೆ ನೋಡಿದರೆ ಆ ಸಲ ಅನುಮಾನ ಸುಳ್ಳಾಗಿತ್ತು. ಗೆಳೆಯರು ನಕ್ಕರು. ಹೊಟ್ಟೆ ಉರಿಯಿತು, ಆದರೆ ನಷ್ಟವೆನಿಸಲಿಲ್ಲ.

ಒಂದು ಕೆಲಸ ಮಾತ್ರ ಬಹಳ ದಿನ ಉಳಿದಿತ್ತು. ಅಂದು ಪಿಟ್‌ನಲ್ಲಿ ಅಕ್ಕನ ಮಗ ಊಟಕ್ಕೆ ಹೋಗಿದ್ದ. ಅವನಿಗೆ "ಬೋಲ್ಟು ಸ್ವಲ್ಪ ಲೂಸಾಗಿತ್ತಂತೆ" ಎಂದಷ್ಟೇ ಹೇಳಿದ್ದೆ. ಆ 'ಅಂತೆ' ನನ್ನನ್ನು ಬಿಡಲಿಲ್ಲ. ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಅಕ್ಕನ ಮನೆಗೆ ಹೋಗಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ರಾತ್ರಿ ಕಂಡ ಗೆರೆಯನ್ನೂ ಸೇರಿಸಿ.

ಅವನು ನಕ್ಕುಬಿಟ್ಟ. "ಅಯ್ಯೋ ಮಾಮ, ಏನೂ ಆಗ್ಲಿಲ್ವಲ್ಲ, ಬಿಡು."

ಅಕ್ಕ ನಗಲಿಲ್ಲ. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. "ಗೊತ್ತಿದ್ದೂ ಕರ್ಕೊಂಡು ಹೋದ್ಯಾ?" ಎಂದಳು. ಪೂರ್ತಿ ಗೊತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಹೌದು ಎಂದೆ. ಅವಳು ಮತ್ತೆ ಸೊಪ್ಪು ಬಿಡಿಸತೊಡಗಿದಳು. ತುಂಬ ಹೊತ್ತಾದ ಮೇಲೆ, ಊಟ ಮಾಡಿಕೊಂಡು ಹೋಗು ಎಂದಳು. ಕ್ಷಮಿಸಿದಳೋ ಇಲ್ಲವೋ ನಾನು ಕೇಳಿಲ್ಲ.

ಮುಂದಿನ ಸಲ ಚಕ್ರ ಹಾಕುವಾಗ ಅವನೇ ಬಂದ. ರೆಂಚನ್ನು ಅವನ ಕೈಗೆ ಕೊಟ್ಟು, ಸುತ್ತು ಎಣಿಸುವುದನ್ನೂ ನಕ್ಷತ್ರದ ಕ್ರಮವನ್ನೂ ಹೇಳಿಕೊಟ್ಟೆ. ಐದೂ ಬೋಲ್ಟು ಬಿಗಿದು ಎದ್ದ. ಕೈ ಒರೆಸಿಕೊಳ್ಳುತ್ತಾ ಒಂದು ಗಳಿಗೆ ಚಕ್ರವನ್ನು ನೋಡುತ್ತಾ ನಿಂತ. ಆಮೇಲೆ ಮತ್ತೆ ಕುಕ್ಕರಗಾಲಲ್ಲಿ ಕೂತು, "ಮಾಮ, ಮೂರನೇದನ್ನ ಒಂದ್ಸಲ ಬಿಚ್ಚಿ ನೋಡ್ಲಾ? ಯಾಕೋ ಸರಿ ಅನ್ನಿಸ್ಲಿಲ್ಲ" ಎಂದ.

ಬಿಚ್ಚು ಎಂದೆ.